ಪಹಣಿಯ ನಕ್ಷತ್ರ, ಕಂಪ್ಯೂಟರಿನ ಗೊಂದಲ

ಆಳಂದ ತಾಲ್ಲೂಕಿನ ನಿಂಬರ್ಗಾದ ರೈತರೊಬ್ಬರು ಪಹಣಿ ತೆಗೆಸಿದರೆ, ಸರ್ವೆ ನಂಬರಿಗೂ ಹಿಸ್ಸಾಕ್ಕೂ ನಡುವೆ ನಕ್ಷತ್ರದ ಚಿಹ್ನೆ ಕಾಣುವುದುಂಟು. ಕಾಗದದ ಮೇಲೆ ಅದು ಬರೀ ಗುರುತು. ಕೆಲವು ತಂತ್ರಾಂಶಗಳಿಗೆ ಮಾತ್ರ ಅದೇ ಆಜ್ಞೆ. ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಹುಡುಕುವಾಗ ನಕ್ಷತ್ರವೆಂದರೆ ‘ಇಲ್ಲಿ ಏನಿದ್ದರೂ ಸರಿ’ ಎಂದರ್ಥ. 45/*/2 ಎಂದು ಕೇಳಿದರೆ 45/1/2 ಕೂಡ ಎದುರಿಗೆ ಬರುತ್ತದೆ. ನಕ್ಷತ್ರವೇ ಬೇಕಿದ್ದರೆ ಅದನ್ನು ಚೌಕ ಕಂಸದಲ್ಲಿ ಕೂರಿಸಿ 45/[*]/2 ಎನ್ನಬೇಕು.

ದೊಡ್ಡ ದತ್ತಾಂಶ ಕೋಶಗಳ ಭಾಷೆಯಾದ ಎಸ್‌ಕ್ಯುಎಲ್‌ನಲ್ಲಿ ‘ಲೈಕ್’ ಎಂಬ ಪದ ಬಳಸಿ ಹುಡುಕುವಾಗ ನಕ್ಷತ್ರಕ್ಕೆ ವಿಶೇಷ ಅಧಿಕಾರವಿಲ್ಲ. ಅಲ್ಲಿ ಶೇಕಡಾ ಚಿಹ್ನೆ (%) ಎಷ್ಟು ಅಕ್ಷರಗಳ ಬದಲಿಗಾದರೂ ನಿಲ್ಲುತ್ತದೆ, ಅಡಿಗೆರೆ (_) ಒಂದೇ ಅಕ್ಷರದ ಬದಲಿಗೆ. ತೊಗರಿ ಬೆಳೆ 50% ಹಾನಿಯಾದವರ ಪಟ್ಟಿ ಬೇಕೆಂದು ಒಬ್ಬ ಗುಮಾಸ್ತ %50%% ಎಂದು ಬರೆದನೆನ್ನಿ. 500 ಕಿಲೋ, 1,500 ರೂಪಾಯಿ ಎಂದಿರುವ ಸಾಲುಗಳೂ ಬಂದು ಸೇರುತ್ತವೆ. ಪರಿಹಾರದ ಪಟ್ಟಿಯಾದರೆ ಇದು ಸಣ್ಣ ತಪ್ಪಲ್ಲ.

ಇದಕ್ಕೆ ಮದ್ದು ‘ಎಸ್ಕೇಪ್’ ಚಿಹ್ನೆ. ಹೆಸರೇನೋ ಪಲಾಯನದ್ದು, ಕೆಲಸ ಮುಂದಿನ ಚಿಹ್ನೆಯ ಅಧಿಕಾರ ಕಸಿಯುವುದು. %50!%% ಎಂದು ಬರೆದು, ! ಎಸ್ಕೇಪ್ ಚಿಹ್ನೆಯೆಂದು ಘೋಷಿಸಿದರೆ ನಡುವಿನ % ಬರೀ ಶೇಕಡಾ ಆಗುತ್ತದೆ. 1992ರ ಎಸ್‌ಕ್ಯುಎಲ್ ಮಾನದಂಡದಲ್ಲೇ ಈ ಏರ್ಪಾಡು ಇದೆ. ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯುಎಲ್‌ಗಳು ಹೇಳದಿದ್ದರೂ ಎಡಕ್ಕೆ ವಾಲಿದ ಗೆರೆಯನ್ನು (\) ಎಸ್ಕೇಪ್ ಎಂದೇ ತಿಳಿಯುತ್ತವೆ, ಒರಾಕಲ್‌ಗೆ ಹೇಳಲೇಬೇಕು.

ಇಂಗ್ಲಿಷಿನಲ್ಲಿ ಊರ ಹೆಸರನ್ನು ಒಬ್ಬರು ದೊಡ್ಡಕ್ಷರದಲ್ಲಿ, ಇನ್ನೊಬ್ಬರು ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಆ ಭೇದ ಮರೆಯಲು ಪೋಸ್ಟ್‌ಗ್ರೆಸ್‌ನಲ್ಲಿ ‘ಐಲೈಕ್’ ಇದೆ. ಅಕ್ಷರಭೇದ ಮರೆತರೂ %, _ ಚಿಹ್ನೆಗಳ ಅಧಿಕಾರವನ್ನು ಅದು ಮರೆಯದು. ಎಸ್ಕೇಪ್ ಅಲ್ಲಿಯೂ ಬೇಕು.

ಕನ್ನಡಕ್ಕೆ ದೊಡ್ಡಕ್ಷರ, ಸಣ್ಣಕ್ಷರಗಳ ಕಾಟವಿಲ್ಲ. ಆದರೆ ಅಡಿಗೆರೆಯ ಲೆಕ್ಕ ಇಲ್ಲಿ ಬೇರೆ. ನಿಂಬರ್ಗಾ ಎಂಬುದು ಓದುವವರ ಕಣ್ಣಿಗೆ ನಿಂ, ಬ, ರ್ಗಾ ಎಂಬ ಮೂರೇ ಅಕ್ಷರ. ಯೂನಿಕೋಡ್‌ನಲ್ಲಿ ಗುಡಿಸು, ಸೊನ್ನೆ, ವಿರಾಮ, ದೀರ್ಘ ಎಲ್ಲವೂ ಬೇರೆ ಬೇರೆ ಸಂಕೇತಗಳಾದ್ದರಿಂದ ಒಟ್ಟು 8. ಹೀಗಾಗಿ ‘ನಿಂಬ’ದ ಮುಂದೆ ಒಂದು ಅಡಿಗೆರೆ ಹಾಕಿದರೆ ಊರು ಸಿಗುವುದಿಲ್ಲ, ನಾಲ್ಕು ಬೇಕು. ವಿಜಯಪುರ ಜಿಲ್ಲೆಯ ನಿಂಬರಗಿಗೆ ಮೂರು ಸಾಕು.