ಹುಟ್ಟುಗುಣವೋ, ಕಲಿತ ಗುಣವೋ? ಹುಡುಗ–ಹುಡುಗಿಯರ ಡೇಟಿಂಗ್ ಬಗ್ಗೆ ಮನೆಮಂದಿ ತಿಳಿದಿರಬೇಕಾದದ್ದು



ಇವತ್ತಿನ ವಿಷಯ ಬಿಪಿ, ಶುಗರ್ ಅಲ್ಲ. ಮಕ್ಕಳ ಮನಸ್ಸಿನ ಆರೋಗ್ಯದ್ದು. ಸ್ವಲ್ಪ ಮುಜುಗರ ಎನಿಸಬಹುದು, ಆದರೂ ಪೂರ್ತಿ ಓದಿ.

ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಹೈದರಾಬಾದಿಗೆ ಬಂದು ನೆಲೆಸಿದ ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳು ಈಗ ಬೆಳೆದು ನಿಂತಿದ್ದಾರೆ. ಕಾಲೇಜು, ಅಮೀರ್‌ಪೇಟೆಯ ಕೋಚಿಂಗ್, ಗಚ್ಚಿಬೌಲಿಯ ಆಫೀಸು. ಊರಿನಲ್ಲಾದರೆ ಸೋದರಮಾವ, ಸೋದರತ್ತೆ, ನೆಂಟರು ಸೇರಿ ಸಂಬಂಧ ನೋಡುತ್ತಿದ್ದರು. ಇಲ್ಲಿ ಅನೇಕ ಮಕ್ಕಳು ಫೋನಿನಲ್ಲಿ ತಾವೇ ಪರಿಚಯ ಮಾಡಿಕೊಳ್ಳುತ್ತಾರೆ. ಏನಾದರೂ ಎಡವಟ್ಟಾದಾಗ ನಾವು ಹೇಳುವುದು ಎರಡೇ ಮಾತು: "ಗಂಡು ಹುಡುಗರು ಇರೋದೇ ಹಾಗೆ", "ಹೆಣ್ಣುಮಕ್ಕಳೇ ಹುಷಾರಾಗಿರಬೇಕು".

ಈ ಮಾತು ನಿಜವೇ? ನಮ್ಮ ಗಾದೆಗಳಲ್ಲೇ ಎರಡು ಪಕ್ಷಗಳಿವೆ. ಒಂದು, "ಹುಟ್ಟುಗುಣ ಸುಟ್ಟರೂ ಹೋಗದು". ಇನ್ನೊಂದು, "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ವಿಜ್ಞಾನ ಏನು ಹೇಳುತ್ತದೆ ನೋಡೋಣ.

*1. ಹುಟ್ಟಿನಿಂದ ಬರುವುದು ಏನು?*

ಹರೆಯಕ್ಕೆ ಬಂದಾಗ ಹಾರ್ಮೋನುಗಳು ಏರುತ್ತವೆ, ಆಕರ್ಷಣೆ ಶುರುವಾಗುತ್ತದೆ. ಇದು ಹುಡುಗರಿಗೂ ಹುಡುಗಿಯರಿಗೂ ಸಹಜ. ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ಗಂಡಸರಲ್ಲಿ ಹೆಂಗಸರಿಗಿಂತ ಹತ್ತು ಪಟ್ಟಿಗೂ ಹೆಚ್ಚು. ಆತುರಕ್ಕೆ ಕಡಿವಾಣ ಹಾಕುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಸುಮಾರು 25ನೇ ವಯಸ್ಸಿಗೆ.

1989ರಲ್ಲಿ ಡೇವಿಡ್ ಬಸ್ ಎಂಬ ಮನಶ್ಶಾಸ್ತ್ರಜ್ಞರು 37 ಸಮಾಜಗಳ 10,000ಕ್ಕೂ ಹೆಚ್ಚು ಜನರ ಸಮೀಕ್ಷೆ ಪ್ರಕಟಿಸಿದರು. ಸಂಗಾತಿಯ ರೂಪಕ್ಕೆ ಗಂಡಸರು, ಸಂಪಾದನೆಗೆ ಹೆಂಗಸರು ಸ್ವಲ್ಪ ಹೆಚ್ಚು ಬೆಲೆ ಕೊಟ್ಟಿದ್ದರು. ಅಂದರೆ ವ್ಯತ್ಯಾಸ ಇದೆ. ಆದರೆ ಒಳ್ಳೆಯ ಮನಸ್ಸು ಮತ್ತು ಬುದ್ಧಿವಂತಿಕೆ ಇಬ್ಬರ ಪಟ್ಟಿಯಲ್ಲೂ ಮೇಲೆಯೇ ಇದ್ದವು.

*2. ಕಲಿತು ಬರುವುದು ಏನು?*

🔹 1999ರಲ್ಲಿ ಆಲಿಸ್ ಈಗ್ಲಿ ಮತ್ತು ವೆಂಡಿ ವುಡ್ ಅದೇ ಅಂಕಿಅಂಶಗಳನ್ನು ಮತ್ತೆ ಪರಿಶೀಲಿಸಿದರು. ಹೆಣ್ಣು–ಗಂಡು ಸಮಾನತೆ ಹೆಚ್ಚಿರುವ ದೇಶಗಳಲ್ಲಿ ಸಂಪಾದನೆಯ ವಿಷಯದ ವ್ಯತ್ಯಾಸ ಕಡಿಮೆಯಿತ್ತು. ತಾನೇ ದುಡಿಯುವ ಅವಕಾಶ ಇಲ್ಲದವಳು ಹುಡುಗನ ಸಂಬಳ ನೋಡದೆ ಇನ್ನೇನು ಮಾಡಿಯಾಳು?

🔹 ಅಮೆರಿಕದ ಫ್ಲೋರಿಡಾದಲ್ಲಿ ಒಂದು ಪ್ರಸಿದ್ಧ ಪ್ರಯೋಗ ನಡೆಯಿತು. ಅಪರಿಚಿತರು ಬಂದು ದೈಹಿಕ ಸಂಬಂಧಕ್ಕೆ ಕೇಳಿದಾಗ ನೂರಕ್ಕೆ ಸುಮಾರು 75 ಹುಡುಗರು ಒಪ್ಪಿದರು, ಒಬ್ಬ ಹುಡುಗಿಯೂ ಒಪ್ಪಲಿಲ್ಲ. ಆದರೆ ಬರೀ ಹೊರಗೆ ಸುತ್ತಾಡಲು ಕರೆದಾಗ ಹುಡುಗರು, ಹುಡುಗಿಯರು ಇಬ್ಬರಲ್ಲೂ ಸುಮಾರು ಅರ್ಧದಷ್ಟು ಜನ ಒಪ್ಪಿದ್ದರು! 2011ರಲ್ಲಿ ಟೆರಿ ಕಾನ್ಲಿ ಎಂಬುವರು ಇದರ ಕಾರಣ ಹುಡುಕಿದರು. ಕೇಳುವ ವ್ಯಕ್ತಿ ಎಂಥವನು ಎಂಬ ಅನಿಸಿಕೆ ಹುಡುಗಿಯರ ಉತ್ತರದ ಹಿಂದೆ ದೊಡ್ಡದಾಗಿ ಕಂಡಿತು. ನಾವು 'ಹೆಣ್ಣಿನ ಸ್ವಭಾವ' ಎನ್ನುವುದರಲ್ಲಿ ಒಂದು ಪಾಲು ಎದುರಿನವನ ಬಗೆಗಿನ ಅನಿಸಿಕೆ.

🔹 'ಸ್ಪೀಡ್ ಡೇಟಿಂಗ್' ಕಾರ್ಯಕ್ರಮಗಳಲ್ಲಿ ಸಾಮಾನ್ಯವಾಗಿ ಹುಡುಗಿಯರು ಕೂತಿರುತ್ತಾರೆ, ಹುಡುಗರು ಟೇಬಲ್ಲಿಂದ ಟೇಬಲ್ಲಿಗೆ ಹೋಗಿ ಮಾತಾಡಿಸುತ್ತಾರೆ. ಹಾಗಿದ್ದಾಗ ಹುಡುಗಿಯರೇ ಹೆಚ್ಚು ಅಳೆದು ತೂಗಿ ಆರಿಸುತ್ತಾರೆ. 2009ರ ಅಧ್ಯಯನವೊಂದರಲ್ಲಿ ಹುಡುಗರನ್ನು ಕೂರಿಸಿ, ಹುಡುಗಿಯರನ್ನು ಎದ್ದು ಹೋಗುವಂತೆ ಮಾಡಿದಾಗ ಆ ವ್ಯತ್ಯಾಸ ಕಾಣಲಿಲ್ಲ.

ನಮ್ಮ ಹೆಣ್ಣು ನೋಡುವ ಶಾಸ್ತ್ರವನ್ನೇ ನೆನಪಿಸಿಕೊಳ್ಳಿ. ಉಪ್ಪಿಟ್ಟು ತಿಂದು "ಊರಿಗೆ ಹೋಗಿ ತಿಳಿಸುತ್ತೇವೆ" ಎನ್ನುವವರು ಗಂಡಿನ ಕಡೆಯವರು. ಅಲ್ಲಿ ಅಳೆದು ತೂಗುವವನು ಗಂಡು! ಅದೇ ಕರಾವಳಿಯ, ಕಾಸರಗೋಡಿನ ಅಳಿಯಸಂತಾನ ಪದ್ಧತಿಯಲ್ಲಿ ಆಸ್ತಿ ಹೆಣ್ಣಿನ ಸಾಲಿನಲ್ಲಿ ಹೋಗುತ್ತಿತ್ತು. ತಾಯಿಮನೆಯಲ್ಲಿ ಅವಳಿಗೆ ಹಕ್ಕಿನ ಜಾಗ ಇತ್ತು. ಹಾರ್ಮೋನುಗಳು ಎಲ್ಲ ಕಡೆ ಅವೇ, ಪದ್ಧತಿ ಬೇರೆ, ನಡವಳಿಕೆ ಬೇರೆ.

👉 ಆಸೆ ಹುಟ್ಟಿನಿಂದ ಬರುತ್ತದೆ. ಹೇಗೆ ಕೇಳಬೇಕು, 'ಬೇಡ' ಎಂದಾಗ ಹೇಗೆ ಸುಮ್ಮನಾಗಬೇಕು ಎಂಬುದನ್ನು ಕಲಿಯಬೇಕು.

*3. ನಮ್ಮ ಹೈದರಾಬಾದಿನಲ್ಲಿ*

ಇಲ್ಲಿ 2014ರ ಅಕ್ಟೋಬರ್ 24ರಂದು ಪೊಲೀಸರ 'ಷಿ ಟೀಮ್ಸ್' ಆರಂಭವಾದವು. ಮಫ್ತಿಯಲ್ಲಿ ಬಸ್ ಸ್ಟಾಪು, ಕಾಲೇಜುಗಳ ಹತ್ತಿರ ನಿಂತು ಹುಡುಗಿಯರನ್ನು ಪೀಡಿಸುವವರನ್ನು ಹಿಡಿಯುತ್ತಾರೆ. ಸಿಕ್ಕಿಬಿದ್ದ ಹುಡುಗರಿಗೆ ಮನೆಯವರನ್ನೂ ಕರೆಸಿ ಕೌನ್ಸೆಲಿಂಗ್ ಮಾಡುತ್ತಾರೆ. ಇದು ಬದಲಾಗದ ಹುಟ್ಟುಗುಣವೇ ಆಗಿದ್ದರೆ ಕೌನ್ಸೆಲಿಂಗ್ ಯಾಕೆ ಬೇಕಿತ್ತು?

ಹಿಂದೆ ಬಿದ್ದರೆ ಹುಡುಗಿ ಕೊನೆಗೆ ಒಪ್ಪುತ್ತಾಳೆ ಎಂದು ನಮ್ಮ ಹುಡುಗರಿಗೆ ಎಷ್ಟೋ ಸಿನಿಮಾಗಳು ಕಲಿಸಿವೆ. ಕಾನೂನು ಬೇರೆ ಹೇಳುತ್ತದೆ. ಇಷ್ಟವಿಲ್ಲ ಎಂದು ಸ್ಪಷ್ಟಪಡಿಸಿದ ಮೇಲೂ ಮತ್ತೆ ಮತ್ತೆ ಹಿಂಬಾಲಿಸುವುದು, ಮೆಸೇಜ್ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಬಾರಿಗೇ ಮೂರು ವರ್ಷದವರೆಗೆ ಜೈಲಾಗಬಹುದು.

ಹುಡುಗರೂ ಮೋಸಹೋಗುತ್ತಾರೆ. 2024ರಲ್ಲಿ ಹೈಟೆಕ್ ಸಿಟಿ ಭಾಗದಲ್ಲಿ ಡೇಟಿಂಗ್ ಆ್ಯಪ್ ಮೂಲಕ ಹುಡುಗರನ್ನು ಪಬ್ಬಿಗೆ ಕರೆಸಿ, ಸಾವಿರಾರು ರೂಪಾಯಿ ಬಿಲ್ ತೆರಿಸುತ್ತಿದ್ದ ಜಾಲವನ್ನು ಪೊಲೀಸರು ಹಿಡಿದರು. ಹುಡುಗಿ ನಗುತ್ತಾ ಮಾತಾಡಿದರೆ ಅದನ್ನೇ ಪ್ರೀತಿ ಎಂದುಕೊಳ್ಳುವ ಪ್ರವೃತ್ತಿ ಗಂಡಸರಲ್ಲಿ ಹೆಚ್ಚು ಎಂದು ಅಧ್ಯಯನಗಳಲ್ಲಿ ಕಂಡುಬಂದಿದೆ. ಇಂಥ ಜಾಲಗಳಿಗೆ ಅದೇ ಬಂಡವಾಳ. ಹಾಗೆ ಮೋಸಹೋದವರಿಗೆ ನಾಚಿಕೆಯಿಂದ ಬಾಯಿ ಬಿಡುವುದೂ ಕಷ್ಟ. "ಗಂಡಸಾಗಿ ಅಳ್ತೀಯಾ?" ಎಂದು ನಾವೇ ಕಲಿಸಿದ ನಾಚಿಕೆ ಅದು.

*4. ಮನೆಯಲ್ಲಿ ಏನು ಮಾಡಬಹುದು?*

✅ ಮಗನಿಗೆ ನೇರವಾಗಿ ಹೇಳಿ: "ನೋಡಪ್ಪಾ, ಬೇಡ ಅಂದ್ರೆ ಬೇಡ. ಏನೂ ಹೇಳದೆ ಸುಮ್ಮನಿದ್ರೂ ಅದು ಒಪ್ಪಿಗೆ ಅಲ್ಲ. ಒಂದು ಸಲ ಮರ್ಯಾದೆಯಿಂದ ಕೇಳು, ಒಲ್ಲೆ ಅಂದ್ರೆ ಬಿಟ್ಟುಬಿಡು."

✅ ಮಗಳಿಗೆ ಹೇಳಿ: "ಇಷ್ಟ ಇಲ್ಲದಿದ್ರೆ ದಾಕ್ಷಿಣ್ಯ ಮಾಡ್ಬೇಡಮ್ಮಾ, ಇಲ್ಲ ಅನ್ನು. ಏನೇ ಆದ್ರೂ ಮನೆಗೆ ಫೋನ್ ಮಾಡು, ಬೈಯೋದಿಲ್ಲ." ಹೇಳಿದ ಮೇಲೆ ಆ ಮಾತು ಉಳಿಸಿಕೊಳ್ಳಿ. ಬೈಗುಳಕ್ಕೆ ಹೆದರಿದ ಮಗಳು ಬ್ಲ್ಯಾಕ್‌ಮೇಲ್ ಮಾಡುವವನ ಕೈಗೆ ಸುಲಭವಾಗಿ ಸಿಗುತ್ತಾಳೆ.

✅ ಮೊದಲ ಭೇಟಿ ಜನರಿರುವ ಜಾಗದಲ್ಲಿ, ಹಗಲು ಹೊತ್ತಿನಲ್ಲಿ ಇರಲಿ. ಎಲ್ಲಿಗೆ ಹೋಗುತ್ತಿದ್ದೇವೆಂದು ಒಬ್ಬರಿಗಾದರೂ ತಿಳಿಸಿರಲಿ. ಈ ನಿಯಮ ಮಗನಿಗೂ ಮಗಳಿಗೂ ಒಂದೇ.

✅ ಪ್ರೀತಿ ಮುರಿದಾಗ ಗೇಲಿ ಮಾಡಬೇಡಿ. ಎರಡು ವಾರ ಕಳೆದರೂ ನಿದ್ದೆ, ಊಟ, ಓದು ಸರಿಹೋಗದಿದ್ದರೆ ವೈದ್ಯರ ಸಲಹೆ ಪಡೆಯಿರಿ. ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

✅ ಅಪ್ಪ ಅಮ್ಮನ ಮಾತಿಗೆ ಎಷ್ಟು ಬೆಲೆ ಕೊಡುತ್ತಾರೆ ಎಂಬುದನ್ನು ಮಕ್ಕಳು ದಿನಾ ನೋಡುತ್ತಾರೆ. ಅಮ್ಮ "ಬೇಡ" ಎಂದದ್ದು ಮನೆಯಲ್ಲಿ ನಡೆಯದಿದ್ದರೆ, ಬೇರೆ ಹುಡುಗಿಯ "ಬೇಡ" ಮಗನಿಗೆ ಹೇಗೆ ಕೇಳಿಸೀತು?

*ಫೋನಿನಲ್ಲಿ ಉಳಿಸಿಕೊಳ್ಳಿ:*
📞 ಟೆಲಿ ಮನಸ್ – 14416 (ಉಚಿತ, ದಿನದ 24 ಗಂಟೆ)
📞 ಮಹಿಳಾ ಸಹಾಯವಾಣಿ – 181
📞 ತುರ್ತು ಪೊಲೀಸ್ ನೆರವು – 112

"ಹುಡುಗರು ಇರೋದೇ ಹಾಗೆ" ಎಂದು ಮುಂದಿನ ಸಲ ನಾಲಿಗೆಯ ತುದಿಗೆ ಬಂದರೆ, "ಹಾಗಿರಬೇಡಪ್ಪಾ" ಎಂದು ಹೇಳಿ ನೋಡಿ. ಹುಡುಗರು ಕಲಿಯುತ್ತಾರೆ.

ಹರೆಯದ ಮಕ್ಕಳಿರುವ ನಿಮ್ಮ ಬಂಧುಗಳಿಗೂ ಇದನ್ನು ಕಳುಹಿಸಿ. ಆರೋಗ್ಯವಾಗಿರಿ 🙏