ಮೊದಲ ಸಲ ವಲ್ಹಾಲಾ ಆಡುವವರಿಗೆ

ಕಳೆದ ತಿಂಗಳು ಪ್ರಥಮ ಪಿಯುಸಿಯ ಇಬ್ಬರು ಹುಡುಗರು ಗ್ರಂಥಾಲಯದ ಬಾಗಿಲಲ್ಲಿ ನನ್ನನ್ನು ಹಿಡಿದುಕೊಂಡರು. "ಭಾಯಿ, ನೀವು ಅಸಾಸಿನ್ಸ್ ಕ್ರೀಡ್ ವಲ್ಹಾಲಾ ಆಡಿದ್ದೀರಂತೆ. ನಾವು ಇಂಗ್ಲೆಂಡಿಗೆ ಹೋದ ಮೇಲೆ ಬರೀ ಸಾಯ್ತಾ ಇದೀವಿ. ಏನ್ ಮಾಡ್ಬೇಕು ಹೇಳಿ" ಎಂದರು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬೆಲ್ ಹೊಡೆಯಿತು. ಅವತ್ತು ಹೇಳಬೇಕೆಂದಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಆಟ ಮುಗಿಸಿಲ್ಲ. ಆದರೆ ಹೊಸಬರು ಮಾಡಬಹುದಾದ ತಪ್ಪುಗಳನ್ನೆಲ್ಲ ಮಾಡಿ ಮುಗಿಸಿದ್ದೇನೆ.

ಉಪನ್ಯಾಸಕರೂ ಓದುತ್ತಾರೆ, ಸ್ವಲ್ಪ ಬಿಡಿಸಿ ಬರೆ ಎಂದು ಸಂಪಾದಕ ಮಂಡಳಿಯವರು ಹೇಳಿದ್ದಾರೆ. ಹಾಗಾಗಿ ಎರಡು ಮಾತು. ಇದು ಯೂಬಿಸಾಫ್ಟ್ ಕಂಪನಿಯ ಮಾಂಟ್ರಿಯಲ್ ಸ್ಟುಡಿಯೋ ಮುಂದಾಳತ್ವದಲ್ಲಿ ತಯಾರಾಗಿ 2020ರ ನವೆಂಬರ್‌ನಲ್ಲಿ ಬಂದ ಆಟ. ಕಥೆ ನಡೆಯುವುದು 9ನೇ ಶತಮಾನದಲ್ಲಿ. ನಾರ್ವೆಯ ಏವೋರ್ ಎಂಬ ವೈಕಿಂಗ್ ತನ್ನ ಕುಲದವರ ಜೊತೆ ಹಡಗಿನಲ್ಲಿ ಇಂಗ್ಲೆಂಡಿಗೆ ಬಂದು, ನದಿಯ ದಡದಲ್ಲಿ ರೇವನ್ಸ್‌ಥಾರ್ಪ್ ಎಂಬ ಊರು ಕಟ್ಟುವುದು ಇದರ ಕಥೆ. ಏವೋರ್ ಗಂಡಾಗಿರಬೇಕೋ ಹೆಣ್ಣಾಗಿರಬೇಕೋ ಎಂಬುದನ್ನು ಆಡುವವರೇ ಆರಿಸಬಹುದು. ಆಕ್ಷನ್ ರೋಲ್ ಪ್ಲೇಯಿಂಗ್ ಎಂದರೆ ಬರೀ ಗುಂಡಿ ಒತ್ತಿ ಹೊಡೆಯುವುದಷ್ಟೇ ಅಲ್ಲ. ಪಾತ್ರ ಕಲಿಯುತ್ತಾ ಬಲಿಯುತ್ತಾ ಹೋಗುತ್ತದೆ. ಏನು ಕಲಿಸಬೇಕು, ಯಾರ ಜೊತೆ ಏನು ಮಾತಾಡಬೇಕು ಎಂಬುದು ನಮ್ಮ ಕೈಯಲ್ಲಿರುತ್ತದೆ.

ಎಲ್ಲಕ್ಕಿಂತ ಮೊದಲು ಒಂದು ಎಚ್ಚರಿಕೆ. ಈ ಆಟ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಮತ್ತು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರಿಗೆ ಬಂದಿರುವುದು. "ವಲ್ಹಾಲಾ ಮೊಬೈಲ್ ಫ್ರೀ ಡೌನ್‌ಲೋಡ್" ಎಂದು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಲಿಂಕುಗಳನ್ನು ಒತ್ತಬೇಡಿ. ನಾನು ಒತ್ತಿದ್ದೆ, ಅದೂ ಅಮ್ಮಿಯ ಫೋನಿನಲ್ಲಿ. ಆಟ ಬರಲಿಲ್ಲ, ನಿಮಿಷಕ್ಕೊಂದು ಜಾಹೀರಾತು ಬಂತು. ಕೊನೆಗೆ ಫೋನನ್ನು ಪೂರ್ತಿ ರಿಸೆಟ್ ಮಾಡಿಸಬೇಕಾಯಿತು. ತಂಗಿಯ ಶಾಲಾ ವಾರ್ಷಿಕೋತ್ಸವದ ಫೋಟೋಗಳು ಹೋದವು. ಅಮ್ಮಿ ಬೈಯಲಿಲ್ಲ. ಬೈದಿದ್ದರೆ ವಾಸಿಯಾಗಿತ್ತು.

ನಾನು ಆಡಿದ್ದು ತುಮಕೂರಿನಲ್ಲಿ, ಖಾಲಾ ಅವರ ಮನೆಯಲ್ಲಿ. ಖಾಲಾ ಮಗ, ನಮ್ಮ ಭಾಯಿಜಾನ್, ಯಾರಿಂದಲೋ ಸೆಕೆಂಡ್ ಹ್ಯಾಂಡ್ ಪ್ಲೇಸ್ಟೇಷನ್ 4 ಕೊಂಡಿದ್ದರು. ಶುರುವಿನಲ್ಲಿ ನಾನು ಪ್ರತಿ ಭಾನುವಾರ ಶಿರಾದಿಂದ ಬೆಳಗಿನ ಬಸ್ಸು ಹಿಡಿಯುತ್ತಿದ್ದೆ. ಮನೆಯಲ್ಲಿ ಹೇಳಿದ್ದು "ಕಂಬೈನ್ಡ್ ಸ್ಟಡಿ". ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಅರ್ಥಶಾಸ್ತ್ರ ಕೈಕೊಟ್ಟಾಗ ಅಬ್ಬಾ ಖಾಲಾಗೆ ಫೋನ್ ಮಾಡಿ ವಿಚಾರಿಸಿದರು, ಗುಟ್ಟು ಹೊರಬಿತ್ತು. ಎರಡು ತಿಂಗಳು ತುಮಕೂರು ಬಂದ್. ಆಮೇಲೆ ಒಂದು ಒಪ್ಪಂದವಾಯಿತು: ತಿಂಗಳಿಗೆ ಎರಡು ಭಾನುವಾರ, ದಿನಕ್ಕೆ ಮೂರು ಗಂಟೆ, ಸುಳ್ಳು ಹೇಳುವಂತಿಲ್ಲ. ಮುಂದೆ ಬರೆದಿರುವುದೆಲ್ಲ ಹೀಗೆ ಸಮಯವೂ ಕಡಿಮೆ, ಯಂತ್ರವೂ ಬೇರೆಯವರದು ಎಂಬ ಸ್ಥಿತಿಯಲ್ಲಿರುವವರಿಗೆ.

ಆಟ ಶುರುವಾಗುವ ಮುಂಚೆಯೇ ಎಷ್ಟು ಕಷ್ಟ ಬೇಕೆಂದು ಕೇಳುತ್ತದೆ. ಹೊಡೆದಾಟಕ್ಕೆ ಸ್ಕಾಲ್ಡ್, ವೈಕಿಂಗರ್, ಬರ್ಸರ್ಕರ್, ಡ್ರೆಂಗರ್ ಎಂಬ ಹಂತಗಳಿವೆ. ಇವುಗಳಲ್ಲಿ ಸ್ಕಾಲ್ಡ್ ಅತಿ ಸುಲಭ. ಆ ಪದದ ಅರ್ಥ ಕವಿ. ನಾರ್ವೆಯ ದೊರೆಗಳ ಆಸ್ಥಾನದಲ್ಲಿ ಹಾಡು ಕಟ್ಟುತ್ತಿದ್ದವರು ಸ್ಕಾಲ್ಡ್‌ಗಳು. ನಾನು "ಕವಿಯಾಗಲು ಬಂದಿಲ್ಲ" ಎಂದು ಭಾಯಿಜಾನ್ ಮುಂದೆ ಜಂಬ ಕೊಚ್ಚಿ ಮೇಲಿನ ಹಂತ ಆರಿಸಿದೆ. ಮೂರು ಭಾನುವಾರ ನಾರ್ವೆ ಬಿಟ್ಟು ಹೊರಗೆ ಬರಲಾಗಲಿಲ್ಲ. ಗೆಳೆಯರೇ, ನಾಚಿಕೆಪಡದೆ ಸ್ಕಾಲ್ಡ್ ಆರಿಸಿ. ಈ ಹಂತವನ್ನು ಆಟದ ಮಧ್ಯೆ ಯಾವಾಗ ಬೇಕಾದರೂ ಬದಲಿಸಬಹುದು. ಊರೂರು ಹುಡುಕಾಟಕ್ಕೂ ಬೇರೆ ಹಂತಗಳಿವೆ, ಅದರಲ್ಲಿ ಅಡ್ವೆಂಚರರ್ ಇಟ್ಟುಕೊಂಡರೆ ನಕ್ಷೆ ಹೆಚ್ಚು ಸಹಾಯ ಮಾಡುತ್ತದೆ. ಅದೇ ಸೆಟ್ಟಿಂಗ್ಸ್‌ನಲ್ಲಿ ರಕ್ತ, ಅಂಗ ತುಂಡಾಗುವ ದೃಶ್ಯ, ನಗ್ನತೆ ಇವನ್ನು ಆಫ್ ಮಾಡುವ ಸೌಲಭ್ಯವೂ ಇದೆ. ಖಾಲಾ ಒಪ್ಪಿದ್ದು ಅವನ್ನು ಆಫ್ ಮಾಡಿ ತೋರಿಸಿದ ಮೇಲೆಯೇ. ಯುರೋಪಿನ ವಯೋಮಿತಿ ಪ್ರಕಾರ ಇದು 18 ತುಂಬಿದವರ ಆಟ. ನನಗೆ ತುಂಬಿದೆ. ನಿಮಗೆ ತುಂಬಿಲ್ಲದಿದ್ದರೆ ಮನೆಯವರ ಒಪ್ಪಿಗೆ ಮೊದಲು, ನನ್ನ ಟಿಪ್ಸ್ ಆಮೇಲೆ.

ಈಗ ಆ ಹುಡುಗರ ಪ್ರಶ್ನೆಗೆ ಬರುತ್ತೇನೆ. ಹೊಸಬರು ಸಾಯುವುದಕ್ಕೆ ಮುಖ್ಯ ಕಾರಣ ಪರದೆಯ ಮೇಲಿರುವ ಸ್ಟ್ಯಾಮಿನಾ ಪಟ್ಟಿ, ಅಂದರೆ ದಮ್ಮು. ಆರ್2 ಒತ್ತಿ ಭಾರಿ ಏಟು ಕೊಟ್ಟರೆ, ಚೌಕದ ಗುಂಡಿ ಒತ್ತಿ ತಪ್ಪಿಸಿಕೊಂಡರೆ ಅದು ಇಳಿಯುತ್ತದೆ. ಗಾಳಿಗೆ ಕೊಡಲಿ ಬೀಸಿದರೂ ಇಳಿಯುತ್ತದೆ. ಪೂರ್ತಿ ಇಳಿದರೆ ಏವೋರ್ ಏದುಸಿರು ಬಿಡುತ್ತಾ ನಿಂತುಬಿಡುತ್ತಾನೆ, ಸುತ್ತಲಿದ್ದವರು ಬಂದು ಬಾರಿಸುತ್ತಾರೆ. ಆರ್1ರ ಸಣ್ಣ ಏಟು ಗುರಿಗೆ ತಾಗಿದಾಗ ದಮ್ಮು ಮರಳಿ ಏರುತ್ತದೆ. ಆದ್ದರಿಂದ ಎರಡು ಮೂರು ಸಣ್ಣ ಏಟು, ಒಂದು ದೊಡ್ಡ ಏಟು, ಹಿಂದೆ ಸರಿ. ಈ ತಾಳ ಕೈಗೆ ಹತ್ತಬೇಕು. ಶತ್ರುವಿನ ಏಟು ಬೀಳುವ ಕ್ಷಣಕ್ಕೆ ಸರಿಯಾಗಿ ಎಲ್1 ಒತ್ತಿದರೆ ಏಟು ತಡೆದು ಅವನನ್ನೇ ತೂರಾಡಿಸಬಹುದು. ಆದರೆ ಅವನ ಮೈಮೇಲೆ ಕೆಂಪು ಮಿಂಚು ಕಂಡರೆ ತಡೆಯಲು ಹೋಗಬೇಡಿ, ಆ ಏಟು ತಡೆಗೆ ನಿಲ್ಲುವುದಿಲ್ಲ. ಪಕ್ಕಕ್ಕೆ ಸರಿಯುವುದೊಂದೇ ದಾರಿ. ಇದು ಗೊತ್ತಾಗಲು ನನಗೆ ಎಂಟು ಗಂಟೆ ಹಿಡಿಯಿತು. ನಿಮಗೆ ಒಂದು ಪ್ಯಾರಾ ಸಾಕಾಯಿತು.

ಪೆಟ್ಟು ತಿಂದ ಮೇಲೆ ಜೀವದ ಪಟ್ಟಿ ತಾನಾಗಿ ತುಂಬಿಕೊಳ್ಳುವುದಿಲ್ಲ. ತಿನ್ನಬೇಕು. ದಾರಿ ಬದಿಯ ಹಣ್ಣಿನ ಪೊದೆ, ಅಣಬೆ ಕಂಡಾಗಲೆಲ್ಲ ಕೀಳಿ. ಹೊಟ್ಟೆ ತುಂಬಿದ್ದರೆ ಅದು ಬುತ್ತಿಗೆ ಸೇರುತ್ತದೆ. ಬುತ್ತಿಯ ಚೀಲವನ್ನು ದೊಡ್ಡದು ಮಾಡಲು ಚರ್ಮ ಮತ್ತು ಕಬ್ಬಿಣದ ಅದಿರು ಬೇಕು. ಸಿಕ್ಕ ಮೊದಲ ಚರ್ಮ, ಅದಿರನ್ನು ಹೊಳೆಯುವ ಕೊಡಲಿಗೆ ಸುರಿಯುವ ಬದಲು ಈ ಚೀಲಕ್ಕೇ ಹಾಕಿ.

ನಕ್ಷೆಯಲ್ಲಿ ಪ್ರತಿ ಪ್ರಾಂತ್ಯದ ಮೇಲೆ ಒಂದು ಸಂಖ್ಯೆ ಇರುತ್ತದೆ. ಆ ಊರಿಗೆ ಹೋಗಲು ನಿಮಗೆ ಎಷ್ಟು ಬಲ ಇರಬೇಕು ಎಂಬುದರ ಲೆಕ್ಕ ಅದು. ಗ್ರಾಂಟ್‌ಬ್ರಿಡ್ಜ್ ಮತ್ತು ಲೆಡೆಸೆಸ್ಟರ್ ಕಡೆಯವು 20. ಆಕ್ಸ್‌ಫರ್ಡ್ ಸೀಮೆ 90. ದಕ್ಷಿಣದ ಹ್ಯಾಮ್ಟನ್ ಸೀಮೆ 340. ಬಾಗಿಲು ಎಲ್ಲೂ ಹಾಕಿರುವುದಿಲ್ಲ, ಕುದುರೆ ಓಡಿಸಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು. ಹಾಗೆಂದೇ ನಾನು ಹೋದೆ. ಸಾಮಾನ್ಯ ಕಾವಲುಗಾರನೊಬ್ಬ ಒಂದೇ ಏಟಿಗೆ ಮಲಗಿಸಿದ. ಭಾಯಿಜಾನ್ ನಕ್ಕು, "ಬಾಬಾ, ಎಂಟನೇ ಕ್ಲಾಸಿನವನು ನೇರ ಡಿಗ್ರಿ ಪರೀಕ್ಷೆಗೆ ಕೂತಂಗಾಯ್ತು" ಎಂದರು.

ಬಲ ಏರುವುದು ಕಲಿಕೆಯ ಅಂಕಗಳಿಂದ. ಆ ಅಂಕಗಳನ್ನು ಕರಡಿ, ಕಾಗೆ, ತೋಳ ಎಂಬ ಮೂರು ದಾರಿಗಳಲ್ಲಿ ಹಂಚಬಹುದು: ಕೈಕೈ ಹೊಡೆದಾಟ, ಕದ್ದು ನುಗ್ಗುವುದು, ಬಿಲ್ಲುಬಾಣ. ತಪ್ಪು ದಾರಿ ಹಿಡಿದೆನೇ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ, ಅಂಕಗಳನ್ನು ವಾಪಸ್ ಪಡೆದು ಬೇರೆ ಕಡೆ ಹಾಕಬಹುದು, ಖರ್ಚಿಲ್ಲ. ಪಿಯುಸಿಯಲ್ಲಿ ಕಾಂಬಿನೇಷನ್ ಬದಲಿಸುವುದು ಇಷ್ಟು ಸುಲಭವಾಗಿದ್ದರೆ ಎಷ್ಟು ಚೆನ್ನಾಗಿತ್ತು. ಉಡುಪು ಆಯುಧಗಳ ವಿಷಯಕ್ಕೆ ಒಂದೇ ಮಾತು: ಶುರುವಿನಲ್ಲಿ ಸಿಗುವ ಕಾಗೆ ಕುಲದ ಉಡುಪೇ ಬಹಳ ದೂರ ಬರುತ್ತದೆ, ಹೊಸದು ಸಿಕ್ಕಿತೆಂದು ಎಲ್ಲವನ್ನೂ ಸುಧಾರಿಸಲು ಹೋಗಬೇಡಿ. ಇದೇ ಸರಣಿಯ ಒಡಿಸ್ಸಿ ಆಡಿದವರಿಗೆ ಇನ್ನೊಂದು ಮಾತು. ಅದರ ಹದ್ದು ಶತ್ರುಗಳನ್ನು ಗುರುತು ಹಾಕಿಕೊಡುತ್ತಿತ್ತು. ಇಲ್ಲಿನ ಕಾಗೆ ಹಾಗೆ ಮಾಡುವುದಿಲ್ಲ. ಎತ್ತರದ ಜಾಗ ಹತ್ತಿ ನೀವೇ ನೋಡಬೇಕು.

ನಾನು ಮಾಡಿದ ದೊಡ್ಡ ತಪ್ಪು ನಮ್ಮ ಊರನ್ನು ಮರೆತದ್ದು. ಮುಖ್ಯ ಕಥೆಯ ಹಿಂದೆ ಓಡಿ ರೇವನ್ಸ್‌ಥಾರ್ಪ್ ಅನ್ನು ಗುಡಿಸಲುಗಳಲ್ಲೇ ಬಿಟ್ಟಿದ್ದೆ. ಕಮ್ಮಾರನ ಕುಲುಮೆಯನ್ನು ಬೇಗ ಕಟ್ಟಿಸಿ, ಅವನಿಲ್ಲದೆ ಆಯುಧದ ದರ್ಜೆ ಏರುವುದಿಲ್ಲ. ಹಿತಾಮ್‌ನಿಗೂ ಮನೆ ಕಟ್ಟಿಕೊಡಿ. ಹಿತಾಮ್ ಮತ್ತು ಬಾಸಿಮ್ ಇಬ್ನ್ ಇಸ್ಹಾಕ್ ಎಂಬ ಇಬ್ಬರು ಪೂರ್ವ ದೇಶದಿಂದ ಬಂದವರು. ಮಣಿಕಟ್ಟಿನ ಗುಪ್ತ ಕತ್ತಿಯ ಕಲೆ ಬರುವುದು ಇವರಿಂದ.

ಊರು ಕಟ್ಟಲು ಸಾಮಗ್ರಿ ಬೇಕು, ಅದು ಸಿಗುವುದು ಹೆಚ್ಚಾಗಿ ನದಿ ದಡದ ಕ್ರೈಸ್ತ ಮಠಗಳ ಮೇಲೆ ದಾಳಿ ಮಾಡಿ. ಇಲ್ಲಿ ನನಗೆ ಕೈ ಹಿಂಜರಿಯಿತು. ಪ್ರಾರ್ಥನೆಯ ಜಾಗಕ್ಕೆ ನುಗ್ಗಿ ಪೆಟ್ಟಿಗೆ ಒಡೆಯುವುದು ಆಟವೆಂದರೂ ಆಟವೆನಿಸಲಿಲ್ಲ. ಸನ್ಯಾಸಿಗಳನ್ನೋ ಊರವರನ್ನೋ ಕೊಂದರೆ ಆಟ ಎಚ್ಚರಿಸುತ್ತದೆ, ಮತ್ತೆ ಮತ್ತೆ ಮಾಡಿದರೆ ಆಟವನ್ನೇ ನಿಲ್ಲಿಸಿ ಹಿಂದಕ್ಕೆ ಕಳಿಸುತ್ತದೆ. ಹೊಸಬರು ಇದನ್ನು ನೆನಪಿಡಿ, ಗುಂಪಿನಲ್ಲಿ ಕಣ್ಣುಮುಚ್ಚಿ ಕೊಡಲಿ ಬೀಸಬೇಡಿ. ಆದರೆ ಚರಿತ್ರೆ ಇಷ್ಟು ಮೃದುವಾಗಿರಲಿಲ್ಲ. 793ರಲ್ಲಿ ಲಿಂಡಿಸ್ಫಾರ್ನ್ ಮಠದ ಮೇಲೆ ಬಿದ್ದವರು ಯಾರನ್ನೂ ಉಳಿಸುವ ಲೆಕ್ಕ ಹಾಕಲಿಲ್ಲ, ವೈಕಿಂಗರು ಜನರನ್ನು ಹಿಡಿದು ಗುಲಾಮರಾಗಿ ಮಾರುತ್ತಿದ್ದರು. ಆಟ ಅದನ್ನು ಮುಚ್ಚಿಟ್ಟಿದೆ. ನಮ್ಮ ಶಿರಾವನ್ನೂ 1638ರಲ್ಲಿ ಬಿಜಾಪುರದವರು, 1687ರಲ್ಲಿ ಮೊಘಲರು, 1761ರಲ್ಲಿ ಹೈದರಾಲಿ ವಶಪಡಿಸಿಕೊಂಡರೆಂದು ತಾರೀಖು ಬಾಯಿಪಾಠ ಮಾಡಿದ್ದೇವೆ. ಆ ರಾತ್ರಿಗಳಲ್ಲಿ ಊರಿನವರು ಎಲ್ಲಿ ಅಡಗಿದರು, ಏನನ್ನು ಬಚ್ಚಿಟ್ಟರು ಎಂದು ನನಗೆ ಮೊದಲ ಸಲ ಅನಿಸಿದ್ದು ತುಮಕೂರಿನಿಂದ ವಾಪಸ್ ಬರುವ ಬಸ್ಸಿನಲ್ಲಿ.

ನನಗೆ ಅತಿ ಇಷ್ಟವಾದದ್ದು, ಹೊಸಬರು ಸಾಮಾನ್ಯವಾಗಿ ಬಿಟ್ಟುಹೋಗುವುದು, ಫ್ಲೈಟಿಂಗ್. ಇದು ಪದ್ಯದಲ್ಲಿ ಬೈದಾಡುವ ಪಂದ್ಯ. ಎದುರಾಳಿ ನಿಮ್ಮನ್ನು ಹೀಯಾಳಿಸಿ ಒಂದು ಸಾಲು ಹೇಳುತ್ತಾನೆ, ಸಮಯ ಓಡುತ್ತಿರುವಾಗಲೇ ನೀವು ಮೂರು ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ಅವನ ಪ್ರಾಸಕ್ಕೆ ಪ್ರಾಸ ಕೂಡಬೇಕು, ನಡೆಗೆ ನಡೆ ಹೊಂದಬೇಕು, ಅವನ ಕುಹಕಕ್ಕೆ ತಿರುಗೇಟಾಗಬೇಕು. ಮನೆಯಲ್ಲಿ ಬೈತ್‌ಬಾಜಿ ಕೇಳಿ ಬೆಳೆದವರಿಗೆ ಇದು ಹೊಸದಲ್ಲ. ಉತ್ತರ ಕರ್ನಾಟಕದ ಕಡೆಯ ಗೆಳೆಯರಿದ್ದರೆ ಹರದೇಶಿ ನಾಗೇಶಿ ಸವಾಲು ಜವಾಬು ಎಂದರೆ ತಕ್ಷಣ ಅರ್ಥವಾಗುತ್ತದೆ. ನಾರ್ವೆಯವರಲ್ಲೂ ಇದು ಹಳೆಯದು. 13ನೇ ಶತಮಾನದ ಐಸ್‌ಲ್ಯಾಂಡ್ ಹಸ್ತಪ್ರತಿಯಲ್ಲಿ ಉಳಿದಿರುವ ಲೋಕಾಸೆನ್ನಾ ಎಂಬ ಪದ್ಯದಲ್ಲಿ ಲೋಕಿ ಔತಣಕ್ಕೆ ಬಂದ ದೇವತೆಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ಹೀಯಾಳಿಸುತ್ತಾನೆ. ಗುಟ್ಟು ಇಷ್ಟೇ: ಎದುರಾಳಿಯ ಸಾಲನ್ನು ಮನಸ್ಸಿನಲ್ಲಿ ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಿ, ಕೊನೆಯ ಪದ ಹಿಡಿದುಕೊಳ್ಳಿ. ಗೆದ್ದರೆ ನಿಮ್ಮ ವರ್ಚಸ್ಸು ಏರುತ್ತದೆ. ಅದು ಏರಿದರೆ ಕೆಲವು ಜಗಳಗಳನ್ನು ಕತ್ತಿಯಿಲ್ಲದೆ ಮಾತಿನಲ್ಲೇ ಮುಗಿಸುವ ದಾರಿ ತೆರೆಯುತ್ತದೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೂ ಐದು ಪಂದ್ಯದಲ್ಲಿ ನಾಲ್ಕು ಗೆದ್ದೆ. ಸ್ಕಾಲ್ಡ್ ಎನಿಸಿಕೊಳ್ಳಲು ನಾಚಿದವನು ಬಲವಾದದ್ದು ಪದ್ಯದಿಂದಲೇ. ಊರೂರಲ್ಲಿರುವ ಕುಡಿತದ ಪಂದ್ಯಗಳನ್ನು ನಾನು ಬಿಟ್ಟೆ, ಆಟಕ್ಕೆ ಏನೂ ಕೊರತೆಯಾಗಲಿಲ್ಲ.

ಆಟದಲ್ಲಿ ವ್ಯವಹಾರವೆಲ್ಲ ಬೆಳ್ಳಿಯಲ್ಲಿ. ನಿಜದಲ್ಲೂ ವೈಕಿಂಗರು ಬೆಳ್ಳಿಯನ್ನು ತುಂಡರಿಸಿ ತೂಕಕ್ಕೆ ಕೊಡುತ್ತಿದ್ದರು. ಆ ಬೆಳ್ಳಿಯಲ್ಲಿ ಬಹಳಷ್ಟು ಅಬ್ಬಾಸಿದ್ ಮತ್ತಿತರ ಇಸ್ಲಾಮಿಕ್ ರಾಜ್ಯಗಳ ದಿರ್ಹಮ್‌ಗಳು. 1999ರಲ್ಲಿ ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದ ಹೊಲವೊಂದರಲ್ಲಿ ಸುಮಾರು 67 ಕಿಲೋ ಬೆಳ್ಳಿ ಸಿಕ್ಕಿತು. ಅದರಲ್ಲಿದ್ದ 14 ಸಾವಿರಕ್ಕೂ ಹೆಚ್ಚು ನಾಣ್ಯಗಳಲ್ಲಿ ಬಹುಪಾಲು ಅರಬ್ಬಿ ಅಕ್ಷರದವು. 921ರಲ್ಲಿ ಖಲೀಫ ಅಲ್ ಮುಕ್ತದಿರ್ ಕಳಿಸಿದ ನಿಯೋಗದೊಡನೆ ಬಾಗ್ದಾದಿನಿಂದ ಹೊರಟ ಇಬ್ನ್ ಫದ್ಲಾನ್, ವೋಲ್ಗಾ ನದಿಯ ದಡದಲ್ಲಿ ಈ ಉತ್ತರದ ಜನರನ್ನು ಕಂಡು, ಅವರ ನಾಯಕನೊಬ್ಬನ ಶವವನ್ನು ಹಡಗಿನಲ್ಲಿಟ್ಟು ಸುಟ್ಟದ್ದನ್ನು ಕಣ್ಣಿಗೆ ಕಟ್ಟುವಂತೆ ಬರೆದಿದ್ದಾನೆ. ಇತಿಹಾಸ ವಿಭಾಗದವರಿಗೆ ಒಂದು ಬಿನ್ನಹ: 2021ರ ಅಕ್ಟೋಬರ್‌ನಲ್ಲಿ ಈ ಆಟಕ್ಕೆ ಡಿಸ್ಕವರಿ ಟೂರ್ ಎಂಬ ಭಾಗ ಸೇರಿತು. ಅದರಲ್ಲಿ ಹೊಡೆದಾಟವೇ ಇಲ್ಲ. ಆ ಕಾಲದ ಮನೆ, ಮಠ, ಸಂತೆಗಳಲ್ಲಿ ಓಡಾಡಿ ವಿವರಣೆ ಓದಬಹುದು. ಸ್ಮಾರ್ಟ್ ಕ್ಲಾಸಿನ ಪರದೆಯ ಮೇಲೆ ಒಂದು ಪೀರಿಯಡ್ ತೋರಿಸುವಂಥದ್ದು.

ಕೊನೆಗೆ ಸಮಯದ ಲೆಕ್ಕ. ಮುಖ್ಯ ಕಥೆಗೇ ಅರವತ್ತು ಗಂಟೆ ಬೇಕು. ನನ್ನ ಒಪ್ಪಂದದ ಪ್ರಕಾರ ತಿಂಗಳಿಗೆ ಆರು ಗಂಟೆ, ಅಂದರೆ ಹತ್ತು ತಿಂಗಳು, ಒಂದು ಇಡೀ ಶೈಕ್ಷಣಿಕ ವರ್ಷ. ಪ್ರಥಮ ಪಿಯುಸಿಯವರು ರಜೆಯಲ್ಲಿ ಶುರುಮಾಡಬಹುದು. ದ್ವಿತೀಯ ಪಿಯುಸಿಯವರು ಈಗ ಶುರುಮಾಡಬೇಡಿ. ಬೇರೆಯವರ ಯಂತ್ರದಲ್ಲಿ ಆಡುವವರು ಬೇರೆಯೇ ಅಕೌಂಟ್ ಮಾಡಿಕೊಂಡು, ಏಳುವ ಮುಂಚೆ ಕೈಯಾರೆ ಸೇವ್ ಮಾಡಿ. ಒಮ್ಮೆ ಖಾಲಾ ಅವರ ಚಿಕ್ಕ ಮಗ ನನ್ನ ಆಟ ಮುಂದುವರಿಸಿ ನನ್ನ ಬೆಳ್ಳಿಯನ್ನೆಲ್ಲ ಹಡಗಿನ ಅಲಂಕಾರಕ್ಕೆ ಖರ್ಚು ಮಾಡಿದ್ದ.

ಕಳೆದ ತಿಂಗಳು ಭಾಯಿಜಾನ್ ತಮ್ಮ ತಂಗಿಯ ಕಾಲೇಜು ಫೀಸಿಗೆಂದು ಪ್ಲೇಸ್ಟೇಷನ್ ಮಾರಿದರು. ಮಾರುವ ಹಿಂದಿನ ದಿನ ನನ್ನನ್ನು ಕರೆಸಿಕೊಂಡು, ನನ್ನ ಸೇವ್ ಅನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟರು. ಏವೋರ್ ಈಗ ಆಕ್ಸ್‌ಫರ್ಡ್ ಸೀಮೆಯ ಒಂದು ಬೆಟ್ಟದ ಮೇಲೆ ನಿಂತಿದ್ದಾನೆ, ಬಲ 94. ಪೆನ್‌ಡ್ರೈವ್ ಅಮ್ಮಿಯ ಬೀರುವಿನಲ್ಲಿದೆ. ಪರೀಕ್ಷೆ-1 ಮುಗಿದ ಮೇಲೆ ಕೊಡುತ್ತಾರಂತೆ. ಅಷ್ಟರೊಳಗೆ ನಿಮ್ಮಲ್ಲಿ ಯಾರ ಮನೆಗಾದರೂ ಪ್ಲೇಸ್ಟೇಷನ್ ಬಂದರೆ ದಯವಿಟ್ಟು ಹೇಳಿ, ಕಳ್ಳೆಕಾಯಿ ತರುತ್ತೇನೆ.