ಬಿಸುವಿಗೆ ಮೊದಲೇ ಭರಣಿ ತುಂಬಬೇಕು

ಬದಿಯಡ್ಕ: ಕುಂಭ ಮಾಸದ ಬಿಸಿಲು ಏರುತ್ತಿದ್ದಂತೆ ಗಡಿನಾಡು ಕಾಸರಗೋಡಿನ ಅಡುಗೆಮನೆಗಳಲ್ಲಿ ಒಂದೇ ವಿಚಾರ. ಅಟ್ಟದಲ್ಲಿದ್ದ ಭರಣಿಗಳು ಕೆಳಗಿಳಿಯುತ್ತವೆ, ತೊಳೆದು ಅಂಗಳದ ಬಿಸಿಲಲ್ಲಿ ಕವುಚಿ ಕೂರುತ್ತವೆ. ಮಂಗಳೂರು, ಬೆಂಗಳೂರು, ಗಲ್ಫ್‌ನಲ್ಲಿರುವ ಮಕ್ಕಳ ಫೋನಿನಲ್ಲೂ ಅದೇ ಪ್ರಶ್ನೆ: "ಅಮ್ಮಾ, ಮಿಡಿ ಸಿಕ್ಕಿತಾ? ಉಪ್ಪಿನಕಾಯಿ ಹಾಕಿ ಆಯ್ತಾ?" ಬಿಸು ಹಬ್ಬಕ್ಕೆ, ಬೇಸಗೆ ರಜೆಗೆ ಊರಿಗೆ ಬಂದವರು ಹಿಂದಿರುಗುವಾಗ ಚೀಲದಲ್ಲಿ ಒಂದು ಬಾಟ್ಲಿ ಉಪ್ಪಿನಕಾಯಿ ಇರಲೇಬೇಕು.

ಹವ್ಯಕರ ಮಾತಿನಲ್ಲಿ ಇದು 'ಮೆಡಿ'. ಮಲಯಾಳ ಮಾತಾಡುವ ನೆರೆಮನೆಯವರಿಗೆ 'ಕಣ್ಣಿಮಾಂಗ'. ಹೆಸರು ಬೇರೆಯಾದರೂ ಕಾಯುವ ಮರ ಒಂದೇ, ಕಾಟು ಮಾವು.

ನೆಲಕ್ಕೆ ಬಿದ್ದದ್ದು ಬೇಡ

ಗೊರಟು ಗಟ್ಟಿಯಾಗುವ ಮೊದಲೇ ಮಿಡಿ ಕೊಯ್ಯಬೇಕು. ಮರ ಹತ್ತಿದವರು ಗೊಂಚಲನ್ನು ಬುಟ್ಟಿಗೆ ಹಾಕಿ ಹಗ್ಗದಲ್ಲಿ ಇಳಿಸುತ್ತಾರೆ. ಕೆಳಗೆ ಬಿದ್ದ ಮಿಡಿಗೆ ಪೆಟ್ಟಾಗಿರುತ್ತದೆ, ಅಂಥದ್ದೊಂದು ಸೇರಿದರೂ ಇಡೀ ಭರಣಿ ಕೆಡಬಹುದು. ತೊಟ್ಟನ್ನು ಸ್ವಲ್ಪ ಉಳಿಸಿಯೇ ಮುರಿಯುವುದು ಕ್ರಮ. ತೊಟ್ಟು ಕಳಚಿದರೆ ಸೊನೆ ಸೋರುತ್ತದೆ, ಅದರೊಂದಿಗೆ ಪರಿಮಳವೂ ಹೋಗುತ್ತದೆ.

ತೊಳೆದು ಒರೆಸಿ, ನೀರಿನ ಪಸೆ ಆರಿದ ಮೇಲೆ ಭರಣಿಗೆ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು. ಕಿಲೋ ಮಿಡಿಗೆ ಸುಮಾರು 250 ಗ್ರಾಂ ಉಪ್ಪು. ದಿನಾ ಭರಣಿ ಕುಲುಕಬೇಕು. 10-15 ದಿನಗಳಲ್ಲಿ ಉಪ್ಪು ಮಿಡಿಯ ನೀರನ್ನು ಎಳೆದು, ಮಿಡಿ ಚಿರುಟುತ್ತದೆ. ಆ ಉಪ್ಪುನೀರನ್ನು ಬಸಿದು ಕುದಿಸಿ ತಣಿಸಿ, ಒಣಮೆಣಸು, ಸಾಸಿವೆ, ಅರಶಿನವನ್ನು ಅದರಲ್ಲೇ ಅರೆದರೆ 'ಹೊರಡಿ' ತಯಾರು. ಮಿಡಿಗೆ ಹೊರಡಿ ಬೆರೆಸಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿದರೆ ಒಂದು ತಿಂಗಳು ಮುಟ್ಟುವ ಹಾಗಿಲ್ಲ. ಕುಂಭದಲ್ಲಿ ಉಪ್ಪಿಗೆ ಬಿದ್ದ ಮಿಡಿ, ರಜೆ ಮುಗಿಸಿ ಮಕ್ಕಳು ಹೊರಡುವ ಹೊತ್ತಿಗೆ ಹದಕ್ಕೆ ಬಂದಿರುತ್ತದೆ. ಉಳಿದದ್ದು ಆಟಿಯ ಮಳೆಗೆ, ಬಿಸಿ ಗಂಜಿಯ ಬಟ್ಟಲಿಗೆ.

ಎಣ್ಣೆ ಇಲ್ಲ, ವಿನೆಗರ್ ಇಲ್ಲ. ಕಾಯುವುದೆಲ್ಲ ಉಪ್ಪು ಮತ್ತು ಹುಳಿ. ಹಸಿ ಸೌಟು ತಾಗಿತೋ, ಬೂಸ್ಟು ಖಂಡಿತ. "ಚಂಡಿ ಕೈ ಹಾಕ್ಬೇಡಿ ಮಕ್ಕಳೇ" ಎಂಬ ಅಜ್ಜಿಯಂದಿರ ಗದರಿಕೆ ಸುಮ್ಮನೆ ಹುಟ್ಟಿದ್ದಲ್ಲ.

ಮರವೇ ಇಲ್ಲದಿದ್ದರೆ?

ಹಿಂದೆ ಮನೆಮನೆಗೂ ತನ್ನದೇ ಮರವಿತ್ತು. ಗುಡ್ಡೆಯ ಮರ, ತೋಡಿನ ಕರೆಯ ಮರ ಎಂದು ಜಾಗದಿಂದಲೇ ಗುರುತು. ಯಾವ ಮರದ ಮಿಡಿ ಎರಡು ವರ್ಷ ಮೆತ್ತಗಾಗದೆ ಉಳಿಯುತ್ತದೆ, ಯಾವುದಕ್ಕೆ ಪರಿಮಳ ಹೆಚ್ಚು ಎಂಬುದು ಅತ್ತೆಯಿಂದ ಸೊಸೆಗೆ ದಾಟುತ್ತಿದ್ದ ತಿಳಿವಳಿಕೆ. ಗುಡ್ಡೆಗಳಿಗೆ ರಬ್ಬರ್ ಬಂದಾಗ ಕೆಲವು ಮರ ಹೋದವು, ಮನೆ ಕಟ್ಟುವಾಗ ಕೆಲವು. ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾಗುವಾಗ ರಸ್ತೆ ಬದಿಯ ಮರಗಳೂ ಉರುಳಿದವು. ಇದ್ದ ಮರಕ್ಕೂ ಹತ್ತುವ ಜನ ಸಿಗುವುದು ಕಷ್ಟ. ಹೂ ಬಿಡುವಾಗ ಮೋಡ ಕವಿದರೆ, ಮಳೆ ಬಿದ್ದರೆ ಹೂವೇ ಕರಟುತ್ತದೆ. ಪೇಟೆಯಲ್ಲಿ ಮಿಡಿ ಸಿಗಬಹುದು; ಆದರೆ ಅದು ಯಾವ ಮರದ್ದು, ಎಷ್ಟು ದಿನ ಉಳಿದೀತು ಎಂಬುದು ಭರಣಿ ಬಿಚ್ಚಿದಾಗಲೇ ಗೊತ್ತು.

ಉಪಾಯ ಇಲ್ಲದಿಲ್ಲ. ಗೊರಟು ನೆಟ್ಟರೆ ತಾಯಿಮರದ ಗುಣವೇ ಬಂದೀತೆಂಬ ಭರವಸೆ ಇಲ್ಲ. ಕಸಿ ಕಟ್ಟಿದರೆ ಅದೇ ರುಚಿ, ಅದೇ ಪರಿಮಳ, ಮರವೂ ಕೈಗೆಟಕುವ ಎತ್ತರದಲ್ಲಿ ನಿಲ್ಲುತ್ತದೆ. ಅದಕ್ಕೆ ಬೇಕಾದದ್ದು ಹಳೆ ಮರದ ಒಂದು ಎಳೆ ಕಡ್ಡಿ ಮಾತ್ರ. ಮರಕ್ಕೆ ಕೊಡಲಿ ಬೀಳುವ ಮೊದಲು ಆ ಕಡ್ಡಿ ತೆಗೆದಿರಬೇಕು, ಅಷ್ಟೇ. ಈ ರಜೆಯಲ್ಲಿ ಊರಿಗೆ ಬರುವ ಮಕ್ಕಳು ಬಾಟ್ಲಿ ಕಟ್ಟಿಸಿಕೊಳ್ಳುವ ಮೊದಲು ಒಮ್ಮೆ ಕೇಳಲಿ: "ಅಜ್ಜೀ, ಇದು ಯಾವ ಮರದ್ದು?"